ನಾಲ್ಕು ಸಲ ಒತ್ತಿದರೆ

ಮುದ್ದೆಯ ತಟ್ಟೆಯ ಪಕ್ಕಕ್ಕೆ ಟಾರ್ಚು ಬಂದು ಬಿದ್ದ ಸದ್ದಿಗೆ ಇಡೀ ಅಶೋಕಪುರಂ ಬೆಚ್ಚಿಬಿದ್ದಿತು. ಚಾಮುಂಡಿ ಬೆಟ್ಟದ ಮೇಲಿನ ಕೋತಿಗಳೂ ಕಡಲೆಕಾಯಿ ಬಿಡಿಸುವುದನ್ನು ಒಂದು ಕ್ಷಣ ನಿಲ್ಲಿಸಿರಬೇಕು. ಕರೆಂಟು ಹೋಗಿ ಮನೆಯೊಳಗೆ ಆಗಷ್ಟೇ ಮಬ್ಬು ಕವಿದಿತ್ತು. ಬಾಗಿಲಿನಿಂದ ಬರುತ್ತಿದ್ದ ಸಂಜೆಯ ಕೊನೆಯ ಬೆಳಕಿನಲ್ಲಿ ಪ್ರೇಮ್‌ಕುಮಾರ್ ತಟ್ಟೆಯನ್ನು ಒಂದು ಅಂಗುಲ ಆಚೆ ಸರಿಸಿಕೊಂಡನೇ ಹೊರತು ತಲೆ ಎತ್ತಲಿಲ್ಲ.

"ನಿನ್ನಳಿಯಂಗೆ ಕೇಳು," ಎಂದು ಮರಿಯಯ್ಯ ಗೋಡೆಗೆ ಹೇಳಿದ. "ಈ ಬ್ಯಾಟ್ರಿಗೆ ಇವತ್ತೂ ಯಾಕೆ ಬೀಗ ಹಾಕವ್ನೆ ಅಂತ ಕೇಳು."

ಗೋಡೆಗೆ ಒರಗಿ ಅವರೆಕಾಯಿ ಸುಲಿಯುತ್ತಿದ್ದವಳು ಅವನ ಹೆಂಡತಿ ಸಾಕಮ್ಮ. ಕೇಳಿಸಿಕೊಳ್ಳಬೇಕಾದವನು ಒಂದು ಮಾರು ದೂರದಲ್ಲೇ ಕೂತಿದ್ದ, ಕೇಳಿಸಿಯೂ ಇತ್ತು. ಆದರೆ ಆ ಮನೆಯಲ್ಲಿ ಮಾವ ಅಳಿಯ ನೇರ ಮಾತು ಬಿಟ್ಟು ಯುಗಗಳೇ ಕಳೆದಿದ್ದವು. ಕಾದಾಡುವ ಎರಡು ದೇಶಗಳ ನಡುವೆ ಸಂಬಳವಿಲ್ಲದ ರಾಯಭಾರಿಯಂತೆ ಸಾಕಮ್ಮ ಇದ್ದಳು. ಇತ್ತೀಚೆಗೆ ಅವಳು ಸಂದೇಶ ಸಾಗಿಸುವ ಶ್ರಮವನ್ನೂ ಬಿಟ್ಟು, ಸುಮ್ಮನೆ ನಡುವೆ ಕೂರುತ್ತಿದ್ದಳು. ಮಾತುಗಳು ಅವಳ ತಲೆಯ ಮೇಲೆ ತಾವೇ ಹಾದುಹೋಗುತ್ತಿದ್ದವು.

"ಅತ್ತೆ, ನಿಮ್ಮ ಯಜಮಾನರಿಗೆ ಹೇಳಿ," ಎಂದ ಪ್ರೇಮ್‌ಕುಮಾರ್, ತುತ್ತು ನುಂಗಿ. "ಬೀಗ ಹಾಕೋದು ನಾನಲ್ಲ, ಅವರೇ. ದಿನಾ ಸಂಜೆ ನಾನು ಗಾಡಿ ಹತ್ತೋ ಹೊತ್ಗೆ ಅದು ಲಾಕಾಗಿರ್ತದೆ. ಬಿಚ್ಚಿ ಬಿಚ್ಚಿ ನನ್ನ ಹೆಬ್ಬೆಟ್ಟಿನ ಗೆರೆನೇ ಸವೆದೋಗದೆ. ರೇಷನ್ ಅಂಗಡಿ ಮಿಷಿನ್ನು ನನ್ನ ಗುರುತೇ ಹಿಡೀತಿಲ್ಲ ಈಗ."

"ಗುರುತು ಹಿಡಿಯೋಕೆ ಇವ್ನು ಯಾವ ಊರ ಪಾಳೇಗಾರ ಅಂತೆ?"

"ಅಪ್ಪ, ಉಣ್ಣೋ ಹೊತ್ನಲ್ಲಿ ಬೇಡ," ಎಂದಳು ಒಳಗಿನಿಂದ ಪ್ರೀತಿ. ಅವಳು ಒಬ್ಬನ ಮಗಳು, ಇನ್ನೊಬ್ಬನ ಹೆಂಡತಿ. ಹಾಗಾಗಿ ಅವಳ ಮಾತಿಗೆ ಎರಡೂ ಕಡೆ ಬೆಲೆ ಇರಲಿಲ್ಲ.

ಗಾತ್ರದಲ್ಲಿ ಆ ಟಾರ್ಚು ಒಂದು ಒಳ್ಳೆಯ ಮೂಲಂಗಿಯಷ್ಟೂ ಇರಲಿಲ್ಲ. ಆದರೆ ಪೂರ್ತಿ ಬೆಳಕಿಗೆ ಏರಿಸಿ ಆಕಾಶಕ್ಕೆ ಹಿಡಿದರೆ, ಮಂಡಕಳ್ಳಿಯಲ್ಲಿ ಇಳಿಯಬೇಕಾದ ವಿಮಾನ ದಾರಿ ತಪ್ಪಿ ಅಶೋಕಪುರಂ ರೈಲ್ವೆ ಸ್ಟೇಷನ್ನಿನಲ್ಲಿ ಇಳಿದೀತು ಎಂದು ಆಟೋ ಸ್ಟ್ಯಾಂಡಿನಲ್ಲಿ ಮಾತಿತ್ತು. ಕೊಟ್ಟವಳು ಯೋಗ ಕಲಿಯಲು ಗೋಕುಲಂಗೆ ಬಂದಿದ್ದ ಫಿನ್‌ಲ್ಯಾಂಡಿನ ಹೆಂಗಸು. ಅವಳ ದೇಶಕ್ಕೆ ಸೂರ್ಯ ವರ್ಷಕ್ಕೊಮ್ಮೆ, ಅದೂ ಸಂಬಳ ತೆಗೆದುಕೊಂಡು ಹೋಗಲು ಮಾತ್ರ ಬರುತ್ತಾನಂತೆ. ಆದ್ದರಿಂದ ಟಾರ್ಚಿನ ವಿಷಯದಲ್ಲಿ ಅಲ್ಲಿಯವರ ಮಾತೇ ಕೊನೆ. ಊರಿಗೆ ಹೊರಟ ದಿನ ವಿಮಾನ ನಿಲ್ದಾಣದ ಮುಂದೆ ಅದನ್ನು ಪ್ರೇಮ್‌ಕುಮಾರನ ಕೈಗಿಟ್ಟು, ಅರ್ಧ ಇಂಗ್ಲಿಷು ಅರ್ಧ ಕೈಸನ್ನೆಯಲ್ಲಿ ಪಾಠ ಮಾಡಿದ್ದಳು. ಇರುವುದು ಒಂದೇ ಗುಂಡಿ. ಒಮ್ಮೆ ಒತ್ತಿದರೆ ಹೊತ್ತುತ್ತದೆ, ಇನ್ನೊಮ್ಮೆ ಒತ್ತಿದರೆ ಆರುತ್ತದೆ. ಒತ್ತಿ ಹಿಡಿದರೆ ಬೆಳಕು ಏರುತ್ತದೆ, ಇಳಿಯುತ್ತದೆ. ಆರಿಸುವಾಗ ಎಷ್ಟು ಬೆಳಕಿತ್ತೋ ಅದನ್ನು ನೆನಪಿಟ್ಟುಕೊಂಡು ಮುಂದಿನ ಸಲ ಅಷ್ಟಕ್ಕೇ ಹೊತ್ತುತ್ತದೆ. ಬಡಬಡನೆ ನಾಲ್ಕು ಸಲ ಒತ್ತಿದರೆ ಬೀಗ. ಆಮೇಲೆ ಯಾವ ಮಹಾತ್ಮ ಬಂದು ಒತ್ತಿದರೂ ಹೊತ್ತುವುದಿಲ್ಲ, ಗುಂಡಿಯ ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ಮಿನುಗಿ ಸುಮ್ಮನಾಗುತ್ತದೆ. ಬಿಚ್ಚಲು ಮತ್ತೆ ನಾಲ್ಕು. ಒಮ್ಮೆ ಅದು ಚೀಲದೊಳಗೆ ತಾನೇ ಹೊತ್ತಿಕೊಂಡು ಅವಳ ಉಣ್ಣೆಯ ಶಾಲಿಗೆ ತೂತು ಸುಟ್ಟಿತ್ತಂತೆ, ಬೀಗ ಇರುವುದು ಅದಕ್ಕೆ.

ಪ್ರೇಮ್‌ಕುಮಾರ್ ಈ ಪಾಠವನ್ನು ಅಂದೇ ಮನೆಗೆ ತಲುಪಿಸಿದ್ದ, ಎಂದಿನಂತೆ ಸಾಕಮ್ಮನ ಮೂಲಕ. ರಾಯಭಾರದಲ್ಲಿ ನೆನಪಿನ ವಿಷಯ ಸೋರಿಹೋಯಿತು, ನಾಲ್ಕರ ಲೆಕ್ಕವೂ ಸೋರಿಹೋಯಿತು. ಬೀಗ ಎಂಬ ಒಂದು ಮಾತು ಮಾತ್ರ ಮರಿಯಯ್ಯನ ಕಿವಿಗೆ ಬಿದ್ದು ಅಲ್ಲೇ ಬೇರುಬಿಟ್ಟಿತು.

ಟಾರ್ಚು ಇರುತ್ತಿದ್ದದ್ದು ಆಟೋದ ಮುಂದಿನ ಡಬ್ಬಿಯಲ್ಲಿ. ಆಟೋ ಒಂದು, ಡ್ರೈವರು ಇಬ್ಬರು. ನಸುಕಿಗೆ ಗೋಕುಲಂನ ಯೋಗದ ಗಿರಾಕಿಗಳನ್ನು ಸಾಗಿಸುವುದು ಪ್ರೇಮ್‌ಕುಮಾರನ ಪಾಳಿ. ಬಿಸಿಲು ಏರಿದ ಮೇಲೆ ಮರಿಯಯ್ಯನದು, ದೀಪ ಹಚ್ಚುವ ಹೊತ್ತಿಗೆ ಮತ್ತೆ ಪ್ರೇಮ್‌ಕುಮಾರ್. ಮೊದಲು ಹೀಗಿರಲಿಲ್ಲ. ಮೂವತ್ತು ವರ್ಷ ಮೈಸೂರಿನ ಕತ್ತಲನ್ನೆಲ್ಲ ಒಬ್ಬನೇ ಕುಡಿದವನು, ಹುಲಿ ಬಂದರೂ ಹಾರ್ನ್ ಹೊಡೆದು ಪಕ್ಕಕ್ಕೆ ಸರಿಸಿದವನು ಮರಿಯಯ್ಯ. ಹಾಗೆಂದು ಅವನೇ ಹೇಳುತ್ತಿದ್ದ, ಎದುರು ಹೇಳುವ ಗಂಡಸು ಸ್ಟ್ಯಾಂಡಿನಲ್ಲಿ ಹುಟ್ಟಿರಲಿಲ್ಲ. ಹೋದ ವರ್ಷ ಇದ್ದಕ್ಕಿದ್ದಂತೆ, ಹಿರಿಯ ನಾನು, ಹಗಲು ನನ್ನದು ಎಂದು ಅಳಿಯನ ಪಾಳಿ ಕಿತ್ತುಕೊಂಡ. ಅಂದಿನಿಂದ ಅಳಿಯ ಎಂಬುವನು ಹಗಲು ಕೆಲಸಕ್ಕೆ ಹೋಗುವ ಹೆಂಡತಿಯ ಮುಖವನ್ನು ಬೆಳಕಿನಲ್ಲಿ ಕಂಡಿದ್ದು ಭಾನುವಾರಗಳಲ್ಲಿ ಮಾತ್ರ. ಯುದ್ಧ ಶುರುವಾದದ್ದು ಅಲ್ಲಿಂದ.

ದಿನಾ ಬೆಳಿಗ್ಗೆ ಅಳಿಯ ಗಾಡಿ ತಂದು ತಗಡಿನ ಶೆಡ್ಡಿನೊಳಗೆ ನಿಲ್ಲಿಸಿದ ಕೂಡಲೇ ಮಾವನ ತಪಾಸಣೆ ನಡೆಯುತ್ತಿತ್ತು. ಎಲ್ಲಿ ಗೀರಿದ್ದಾನೆ, ಎಲ್ಲಿ ತಗ್ಗು ಬೀಳಿಸಿದ್ದಾನೆ ಎಂದು ಮರಿಯಯ್ಯ ಗಾಡಿಯ ಮೈಯನ್ನು ಅಂಗೈಯಿಂದ ಇಂಚಿಂಚೂ ಸವರುತ್ತಿದ್ದ. ಆಮೇಲೆ ಹಿಂದೆ ಬಗ್ಗಿ ಇಂಜಿನ್ನು ನೋಡಲೆಂದು ಟಾರ್ಚು ಹೊರತೆಗೆದರೆ ಅದು ಹೊತ್ತುತ್ತಿರಲಿಲ್ಲ. ಎಲ್ಲೋ ಒಂದೊಂದು ದಿನ ಫಳ್ಳನೆ ಹೊತ್ತುತ್ತಿತ್ತು, ಮಿಕ್ಕ ದಿನ ಕಲ್ಲು. ಬೇಕಾದಾಗ ಬೀಗ ಹಾಕುತ್ತಾನೆ, ಬೇಡವಾದಾಗ ತೆಗೆಯುತ್ತಾನೆ, ತನ್ನ ಗೀರುಗಳನ್ನು ಮುಚ್ಚಿಡಲು ಅಳಿಯ ಕಂಡುಕೊಂಡ ಉಪಾಯ ಇದು ಎಂದು ಮರಿಯಯ್ಯ ತೀರ್ಮಾನಿಸಿ ಆಗಿತ್ತು.

"ಇವತ್ತು ಇತ್ಯರ್ಥ ಆಗೇ ಬುಡ್ಲಿ," ಎಂದ ಮರಿಯಯ್ಯ ಈಗ. "ಪ್ರೀತಿ, ದೇವಯ್ಯಂಗೆ ಫೋನ್ ಹಚ್ಚಿಕೊಡು. ಸ್ಟ್ಯಾಂಡಿನ ಯಜಮಾನ ಬಂದು ಹೇಳ್ಲಿ. ಬೀಗ ಹಾಕ್ತಿರೋನು ಯಾರು ಅಂತ ಗೊತ್ತಾಗ್ಲಿ, ಅವನು ಗಾಡಿ ಬುಟ್ಟು ಇಳೀಬೇಕು. ನಾನಾದ್ರೆ ನಾನು, ಇವನಾದ್ರೆ ಇವನು."

"ಅಪ್ಪ, ಒಂದು ಬ್ಯಾಟ್ರಿಗೆ ಇಷ್ಟೊಂದಾ?"

"ಬ್ಯಾಟ್ರಿ ಅಲ್ಲ ಕಣಮ್ಮ. ನನ್ನ ಗಾಡೀಲಿ ನಂಗೇ ಬೀಗ."

ಪ್ರೇಮ್‌ಕುಮಾರ್ ತಟ್ಟೆಯಲ್ಲೇ ಕೈ ತೊಳೆದ. "ಹಚ್ಚಿಕೊಡು ಪ್ರೀತಿ. ಅತ್ತೆ, ಅವರಿಗೆ ಹೇಳಿ, ಆಡಿದ ಮಾತಿಗೆ ನಿಲ್ಲಬೇಕು. ಇಳೀಬೇಕಾದೋರು ಇಳೀಬೇಕು. ಆಮೇಲೆ ಹಿರೀಕ ಗಿರೀಕ ಅನ್ನಂಗಿಲ್ಲ."

ಮರಿಯಯ್ಯ ಫೋನಿನಲ್ಲಿ ಆಡಿದ ಮಾತು ಫೋನಿಲ್ಲದೆಯೂ ಸರಸ್ವತಿಪುರಂ ಸ್ಟ್ಯಾಂಡಿಗೆ ಕೇಳುವಂತಿತ್ತು. ದೇವಯ್ಯ ಬರುತ್ತೇನೆಂದ. ಪ್ರೀತಿ ಬುದ್ಧನ ಪಟದ ಮುಂದೆ ಮೇಣದ ಬತ್ತಿ ಹುಡುಕಿದಳು, ತೀರಿಹೋಗಿತ್ತು. ಹೊರಗಿನ ಬೆಳಕೂ ಅಷ್ಟು ಹೊತ್ತಿಗೆ ಕರಗಿ, ಹಜಾರದಲ್ಲಿ ನಾಲ್ಕು ಜನ ನಾಲ್ಕು ಮಸುಕು ಮೂಟೆಗಳಾದರು.

"ಯಜಮಾನ ಬರೋಕ್ಮುಂಚೆ ಒಂದ್ಸಲ ನೋಡೇ ಬಿಡೋಣ," ಎಂದ ಪ್ರೇಮ್‌ಕುಮಾರ್. ಟಾರ್ಚು ಎತ್ತಿಕೊಂಡು ಒಮ್ಮೆ ಒತ್ತಿದ. ಗುಂಡಿಯ ಪಕ್ಕದಲ್ಲಿ ಕೆಂಪು ಚುಕ್ಕಿ ಮಿನುಗಿತು. "ಅಗೋ, ಲಾಕು. ಇದು ನಾನು ಹಾಕಿದ್ದಲ್ಲ. ನಸುಕಲ್ಲಿ ನಾನು ಆರಿಸಿ ಡಬ್ಬಿಗೆ ಹಾಕಿದಾಗ ತೆರೆದೇ ಇತ್ತು. ಈಗ ನೋಡಿ ಅತ್ತೆ, ಬಿಚ್ತೀನಿ." ಟಕಟಕಟಕಟಕ. "ಬಿಚ್ತು. ಅವರ ಕೈಗೇ ಕೊಡಿ. ಅವರೇ ಹೊತ್ತಿಸ್ಲಿ."

ಟಾರ್ಚು ಸಾಕಮ್ಮನ ಕೈ ದಾಟಿ ಮರಿಯಯ್ಯನ ಕೈ ಸೇರಿತು. ಅವನು ಎದೆ ಉಬ್ಬಿಸಿ, ಎದುರಿನ ಗೋಡೆಗೆ ಗುರಿಯಿಟ್ಟು ಗುಂಡಿ ಒತ್ತಿದ.

ಗೋಡೆಯ ಮೇಲೆ ದೋಸೆಯಗಲ ಒಂದು ತೆಳ್ಳನೆಯ ಬೆಳಕು ಮೂಡಿತು. ಬೆಳದಿಂಗಳಿಗೆ ಎರಡು ಸಲ ನೀರು ಬೆರೆಸಿ ಬಳಿದಂತಿತ್ತು. ನಸುಕಿನಲ್ಲಿ ಚಾಪೆ ಸುತ್ತಿಕೊಂಡು ಆಟೋ ಹತ್ತುವ ಬಿಳಿಯರ ಕಣ್ಣಿಗೆ ಹೊಡೆಯಬಾರದೆಂದು, ಬೀದಿ ನಾಯಿಗಳನ್ನು ಎಬ್ಬಿಸಬಾರದೆಂದು ಪ್ರೇಮ್‌ಕುಮಾರ್ ದಿನಾ ಬಳಸುತ್ತಿದ್ದದ್ದು ಅಷ್ಟೇ ಬೆಳಕು. ಅಷ್ಟಕ್ಕೇ ಇಟ್ಟು ಆರಿಸಿದ್ದ, ಟಾರ್ಚು ಅಷ್ಟನ್ನೇ ನೆನಪಿಟ್ಟುಕೊಂಡಿತ್ತು. ಆ ಬೆಳಕಿನಲ್ಲಿ ಗೋಡೆಯ ಕ್ಯಾಲೆಂಡರು ಕಾಣುತ್ತಿತ್ತು, ಮೊಳೆ ಕಾಣುತ್ತಿತ್ತು, ಮೊಳೆಗೆ ಸಿಕ್ಕಿಸಿದ್ದ ಬಾಚಣಿಗೆ ಕಾಣುತ್ತಿತ್ತು.

"ನೋಡ್ದಾ?" ಎಂದ ಮರಿಯಯ್ಯ ಗೆದ್ದವನಂತೆ. "ಏನಿದೆ? ಏನೂ ಇಲ್ಲ. ಬೀಗ ಬಿಚ್ಚಿದೆ ಅಂತ ನಾಟ್ಕ."

ಪ್ರೀತಿ ಗೋಡೆಯ ಮೇಲಿನ ಬೆಳಕನ್ನು ನೋಡಿ, ಅಪ್ಪನ ಕಡೆ ತಿರುಗಿದಳು.

ಅವನು ಮತ್ತೆ ಒತ್ತಿದ. ಬೆಳಕು ಆರಿತು. "ಈಗ್ಲೂ ಇಲ್ಲ." ಮೂರು ಶೆಲ್ಲಿನ ಹಿತ್ತಾಳೆ ಬ್ಯಾಟ್ರಿಯ ಕಾಲದ ಕೈ ಅದು. ಆ ಬ್ಯಾಟ್ರಿಗಳು ಮೊಂಡು ಹಿಡಿದರೆ ಅಂಗೈಗೆ ಬಡಿದು, ಗುಂಡಿಯನ್ನು ಕಾಗೆ ಕುಕ್ಕಿದಂತೆ ಕುಕ್ಕಿದರೆ ದಾರಿಗೆ ಬರುತ್ತಿದ್ದವು. ಮರಿಯಯ್ಯ ಟಾರ್ಚನ್ನು ಅಂಗೈಗೆ ಬಡಿದ. ಆಮೇಲೆ ಹಲ್ಲು ಕಚ್ಚಿ ಗುಂಡಿ ಕುಕ್ಕಿದ. ಟಕಟಕಟಕಟಕ. ಕೊನೆಗೊಮ್ಮೆ ಒತ್ತಿ ಹಿಡಿದ. ಗುಂಡಿಯ ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ಮಿನುಗಿ ಹೋಯಿತು.

"ಕಲ್ಲು," ಎಂದ. "ದಿನಾ ಹಿಂಗೇ ಕಣೇ. ದಿನಾ ಹಿಂಗೇ ಮಾಡ್ತೀನಿ, ದಿನಾ ಕಲ್ಲು."

ಪ್ರೇಮ್‌ಕುಮಾರ್ ಬಾಯಿ ತೆರೆದ. ಒಂದು ವರ್ಷದಿಂದ ಹಲ್ಲಿನ ಹಿಂದೆ ಕೂಡಿಟ್ಟ ಬೈಗುಳಗಳೆಲ್ಲ ಸಾಲಾಗಿ ನಿಂತು ಹೊರಡಲು ಸಿದ್ಧವಾಗಿದ್ದವು. ದಸರಾ ಮೆರವಣಿಗೆಗೂ ಅಷ್ಟು ಉದ್ದದ ಸಾಲು ಇರಲಿಕ್ಕಿಲ್ಲ. ಬೀಗ ಹಾಕುತ್ತಿರುವವನು ಯಾರೆಂದು ಮನೆಮಂದಿಯೆಲ್ಲ ಕಣ್ಣಾರೆ ಕಂಡಿದ್ದರು. ಇನ್ನೊಂದು ಮಾತು ಆಡಿದರೆ ಹಗಲು ಅವನದು, ಗಾಡಿ ಅವನದು. ಅವನು ಸಾಕಮ್ಮನ ಕಡೆ ನೋಡಿದ. ಅವರೆಕಾಯಿ ಸುಲಿಯುವ ಸದ್ದು ನಿಂತಿತ್ತು. ಮಬ್ಬಿನಲ್ಲಿ ಅವಳ ಮುಖ ಕಾಣಲಿಲ್ಲ. ಆದರೆ ಅವಳು ಗಂಡನ ಕೈಯಿಂದ ಟಾರ್ಚನ್ನು ಮೆಲ್ಲಗೆ ತೆಗೆದುಕೊಂಡು ಸೆರಗಿನೊಳಗೆ ಇಟ್ಟುಕೊಂಡದ್ದು ಗೊತ್ತಾಯಿತು. ಕೂಸಿನ ಕೈಯಿಂದ ಕತ್ತರಿ ತೆಗೆದುಕೊಳ್ಳುವವಳಂತೆ ತೆಗೆದುಕೊಂಡಳು. ಅವಳಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ.

"ಯಾಕೆ, ಎಲ್ಲಾ ಮೂಗರಾಗೋದ್ರಾ?" ಎಂದ ಮರಿಯಯ್ಯ. ಧ್ವನಿ ಮೊದಲಿನಷ್ಟು ದೊಡ್ಡದಿರಲಿಲ್ಲ. "ಪ್ರೀತಿ. ನೀನಾದ್ರೂ ಹೇಳು. ಏನಾರ ಕಂಡ್ತಾ?"

ಪ್ರೀತಿ ಉತ್ತರಿಸುವ ಮೊದಲೇ ಹೊರಗೆ ಆಟೋ ನಿಂತಿತು. ಮೊಬೈಲಿನ ದೀಪ ಹಿಡಿದು ದೇವಯ್ಯ ಒಳಗೆ ಬಂದ. ಮೈಸೂರಿನ ಎಲ್ಲ ಜಗಳಗಳನ್ನೂ ತಾನೊಬ್ಬನೇ ಬಿಡಿಸಿದೆನೆಂಬ ಗತ್ತು ಅವನದು. ಕುರ್ಚಿ ಎಳೆದು ನಟ್ಟನಡುವೆ ಕೂತ.

"ಏನ್ರಯ್ಯ ಇದು, ಬ್ಯಾಟ್ರಿಗೆಲ್ಲ ಪಂಚಾಯ್ತಿ," ಎಂದ. "ನಾಳೆ ಬಾಚಣಿಗೆಗೆ ಸುಪ್ರೀಂ ಕೋರ್ಟಿಗೆ ಹೋಗ್ತೀರೇನೋ. ಯಾರು ಲಾಕ್ ಮಾಡ್ತಿರೋದು, ಹೇಳಿ. ನಂಗೆ ಇನ್ನೂ ಗಿರಾಕಿ ಕಾಯ್ತಾವ್ರೆ."

ಕರೆದವನೇ ಹೇಳಲಿ ಎಂದು ದೇವಯ್ಯ ಮೊಬೈಲಿನ ದೀಪವನ್ನು ಮರಿಯಯ್ಯನ ಮುಖಕ್ಕೆ ತಿರುಗಿಸಿದ. ಬೆಳಕು ನೇರ ಕಣ್ಣಿಗೆ ಬಿದ್ದಾಗ ಮರಿಯಯ್ಯ ಕಣ್ಣು ಕಿರಿದು ಮಾಡಿ, ದೇವಯ್ಯನ ಎಡಕ್ಕೆ ಎಲ್ಲೋ ನೋಡಿದ.

"ನಾನೇ," ಎಂದ ಪ್ರೇಮ್‌ಕುಮಾರ್.

"ಏನು ನೀನೇ?"

"ಲಾಕ್ ಮಾಡ್ತಿದ್ದೋನು ನಾನೇ. ಬೇಕಂತಲೇ." ಆ ಮಾತನ್ನು ಅವನು ಉಗಿದಂತೆ ಹೇಳಿದ. ಮಾವನ ಮೇಲಿನ ಕೋಪ ಒಂದು ಕಾಳಿನಷ್ಟೂ ಕಡಿಮೆಯಾಗಿರಲಿಲ್ಲ. "ಇವರ ತಪಾಸಣೆ ನೋಡಿ ನೋಡಿ ರೋಸಿ ಹೋಗಿತ್ತು. ಉರೀಲಿ ಅಂತ ಮಾಡ್ದೆ."

ದೇವಯ್ಯ ಲೊಚಗುಟ್ಟಿದ. "ಮನೆ ಅಳಿಯ ಆಗಿ ಇಂಥ ಹಲ್ಕಾ ಕೆಲಸ ಮಾಡ್ತಾರೇನಯ್ಯ? ಹೆಣ್ಣು ಕೊಟ್ಟೋರು, ಗಾಡಿ ಕೊಟ್ಟೋರು. ಸ್ಟ್ಯಾಂಡಲ್ಲಿ ಗೊತ್ತಾದ್ರೆ ನಿನ್ನ ಮುಖಕ್ಕೆ ಮಸಿ ಬಳೀತಾರೆ."

"ಬಳೀಲಿ ಬುಡಿ."

"ರೂಢಿ ಪ್ರಕಾರ ಒಂದು ವಾರ ಸ್ಟ್ಯಾಂಡಲ್ಲಿ ಸಾಲಿನ ಕೊನೇಲಿ ನಿಲ್ಲಬೇಕು ನೀನು. ಮುಂದೆ ಎಷ್ಟೇ ಖಾಲಿ ಇದ್ರೂ ಕೊನೇಲಿ. ತಿಳೀತಾ? ಇನ್ನು ಗಾಡಿ ವಿಷ್ಯ." ದೇವಯ್ಯ ಮರಿಯಯ್ಯನ ಕಡೆ ತಿರುಗಿದ. "ಇಳಿಸಿಬುಡ್ತೀನಿ ಅಂದಿದ್ಯಲ್ಲ ಫೋನಲ್ಲಿ. ನಸುಕಿನ ಪಾಳಿಗೆ ರಾಜೇಶಂಗೆ ಹೇಳ್ಲಾ? ಅವ್ನು ಕೇಳ್ತಾನೇ ಅವ್ನೆ."

ಸಾಕಮ್ಮನ ಮೊರದಲ್ಲಿ ಏನೋ ಸರಿದಾಡಿತು. ಮರಿಯಯ್ಯ ಎರಡೂ ಅಂಗೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡು, ಗಾಡಿಯ ಮೈ ಸವರಿದಂತೆ ಪಂಚೆಯನ್ನು ಸವರಿದ.

"ಬ್ಯಾಡ," ಎಂದ ಕೊನೆಗೆ.

"ಬ್ಯಾಡ್ವಾ?"

"ಇಳಿಸಿದ್ರೆ ಇವ್ನಿಗೆ ಸುಖ. ಮನೇಲಿ ಕಾಲು ಚಾಚಿ ಮಲಗ್ತಾನೆ. ಅಂಥ ಸುಖ ನಾನು ಕೊಡಕಿಲ್ಲ." ಧ್ವನಿ ನಿಧಾನವಾಗಿ ಹಳೆಯ ಗಾತ್ರಕ್ಕೆ ಏರಿತು. "ಹಗಲೂ ಇವನೇ ಓಡಿಸ್ಲಿ. ನಸುಕು ಇವನದೇ, ಹಗಲು ಇವನದೇ, ಸಂಜೆ ಇವನದೇ. ಬಿಸಿಲಲ್ಲಿ ಬೇಯ್ಲಿ. ಬೆನ್ನು ಮುರೀಲಿ. ಅದೇ ಇವ್ನಿಗೆ ಶಿಕ್ಷೆ. ಬರ್ಕೊ."

ದೇವಯ್ಯ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ದೀಪ ತಿರುಗಿಸಿದ. "ಹಂಗಾದ್ರೆ ನೀನು?"

"ನಾನು ಮೂವತ್ತು ವರ್ಷ ಓಡಿಸಿದೀನಿ. ಭೂಮೀನ ಸುತ್ತಿ ಕಟ್ಟೋವಷ್ಟು ದೂರ. ಸಾಕು."

"ಅವನು ಕೇಳಿದ್ದೂ ಅದೇ ಅಲ್ವೇನಯ್ಯ, ಹಗಲು ಪಾಳಿ? ಇದ್ಯಾವ ಸೀಮೆ ಶಿಕ್ಷೆ?"

"ನನ್ನ ಅಳಿಯ, ನನ್ನ ಶಿಕ್ಷೆ. ನೀನು ಎದ್ದೋಗು, ಗಿರಾಕಿ ಕಾಯ್ತಾವ್ರೆ ಅಂದ್ಯಲ್ಲ."

ದೇವಯ್ಯ ತಲೆ ಕೊಡವಿಕೊಂಡು ಹೋದ. ಇಂಥ ತಲೆಕೆಟ್ಟ ಮನೆಯನ್ನು ತಾನು ಹನ್ನೆರಡು ಜಿಲ್ಲೆಗಳಲ್ಲಿ ಕಂಡಿಲ್ಲವೆಂದು ಆಮೇಲೆ ಸ್ಟ್ಯಾಂಡಿನಲ್ಲಿ ಹೇಳಿದನಂತೆ. ಅವನು ಬೆಂಗಳೂರು ದಾಟಿ ಹೋದವನೇ ಅಲ್ಲ, ಆದರೂ ಎಲ್ಲರೂ ನಂಬಿದರು.

ಕರೆಂಟು ಬಂದಾಗ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಪ್ರೇಮ್‌ಕುಮಾರ್ ಕೀಲಿಕೈ ತೆಗೆದುಕೊಂಡು ಹೊರಡುವಾಗ ಬಾಗಿಲಲ್ಲಿ ನಿಂತು, "ಅತ್ತೆ, ಸೋಮವಾರ ಕಣ್ಣಿನ ಆಸ್ಪತ್ರೆ ಮುಂದೆ ಗಾಡಿ ನಿಲ್ಲಿಸ್ತೀನಿ," ಎಂದ. "ಹತ್ತೋರು ಹತ್ಲಿ, ಇಳಿಯೋರು ಇಳೀಲಿ. ನಾನು ಕಾಯೋನಲ್ಲ."

"ನಿನ್ನಳಿಯಂಗೆ ಹೇಳು," ಎಂದ ಮರಿಯಯ್ಯ. "ಅವ್ನ ಗಾಡೀಗೆ ನಾನು ಹತ್ತೋನಲ್ಲ."

ಮಾರನೆಯ ನಸುಕಿನಲ್ಲಿ ಪ್ರೇಮ್‌ಕುಮಾರ್ ಶೆಡ್ಡಿಗೆ ಹೋದಾಗ ಹಿಂದಿನ ಸೀಟಿನಲ್ಲಿ ಯಾರೋ ಕೂತಿದ್ದರು. ಇಸ್ತ್ರಿ ಮಾಡಿದ ಖಾಕಿ ಅಂಗಿ, ಕಿವಿ ಮುಚ್ಚಿ ಕಟ್ಟಿದ ಮಫ್ಲರು.

"ನಡಿ," ಎಂದ ಮರಿಯಯ್ಯ. ನಡುವೆ ಸಾಕಮ್ಮ ಇರಲಿಲ್ಲ, ಆದ್ದರಿಂದ ಮಾತು ನೇರವಾಗಿ ಬಂತು. "ಗೀರು ಬೀಳಿಸ್ತೀಯ, ಗೊತ್ತು ನಂಗೆ. ನೋಡ್ಕೊಳ್ಳೋಕೆ ಬತ್ತಿದೀನಿ. ನಿನ್ನ ಮುಖ ನೋಡೋಕಲ್ಲ."

"ಹಿಂದೆ ಗಿರಾಕಿ ಕೂರಬೇಕು."

"ಗಿರಾಕಿ ಬಂದಾಗ ಸರ್ಕೊಳ್ತೀನಿ. ಬೊಗಳದೆ ನಡಿ."

ಆಟೋ ಹೊರಟಿತು. ಬೀದಿ ದೀಪಗಳು ಒಂದು ಬಿಟ್ಟು ಒಂದು ಉರಿಯುತ್ತಿದ್ದವು. ಮರಿಯಯ್ಯ ಕಂಬಿ ಹಿಡಿದು ಮುಂದಕ್ಕೆ ಬಾಗಿ ಅಳಿಯನ ಕಿವಿಯ ಹತ್ತಿರ ಬಾಯಿ ತಂದಿದ್ದ. ಹಂಪು ಬರ್ತದೆ, ಮೆಲ್ಲಗೆ. ಇದು ಬಲ್ಲಾಳ್ ಸರ್ಕಲ್ಲು, ಎಡಕ್ಕೆ ಹಿಡಿ, ಕುರಿ ಕಾಯೋನಂಗೆ ನಡೂ ರಸ್ತೇಲಿ ಹೋಗಬ್ಯಾಡ. ಬೇಕರಿಯವನು ಒಲೆ ಹಚ್ಚವ್ನೆ, ಸರಸ್ವತಿಪುರಂ ಬಂತು. ಕ್ಲಚ್ಚಿಗೆ ಅಷ್ಟು ಹಿಂಸೆ ಕೊಡ್ತಾರೇನ್ಲಾ? ಒಂದು ತಿರುವನ್ನೂ ಅವನು ತಪ್ಪು ಹೇಳಲಿಲ್ಲ. ಹೇಳುವಾಗ ಅವನು ಕಣ್ಣು ಮುಚ್ಚಿಕೊಂಡಿದ್ದುದನ್ನು ಪ್ರೇಮ್‌ಕುಮಾರ್ ಕನ್ನಡಿಯಲ್ಲಿ ಕಂಡ.

ಕುಕ್ಕರಹಳ್ಳಿ ಕೆರೆಯ ತಂಪು ಗಾಳಿ ಒಮ್ಮೆಲೇ ಒಳಗೆ ನುಗ್ಗಿತು. ಮುಂದೆ ಬಲಕ್ಕೆ ತಿರುಗಬೇಕು. ಪ್ರೇಮ್‌ಕುಮಾರ್ ದಿನಾ ತಿರುಗುವ ತಿರುವು ಅದು, ಇಂಡಿಕೇಟರು ಆಗಲೇ ಹಾಕಿದ್ದ. ಅದು ಟಿಕ್ ಟಿಕ್ ಎನ್ನುತ್ತಿತ್ತು. ಮರಿಯಯ್ಯ ಮೂಗು ಎತ್ತಿ ಗಾಳಿ ಎಳೆದುಕೊಂಡು ತಿರುವಿನ ಗುರುತು ಹುಡುಕುತ್ತಿದ್ದ. ತಿರುವು ಎದುರಿಗೇ ಬಂತು, ರಸ್ತೆ ಖಾಲಿಯಿತ್ತು. ಪ್ರೇಮ್‌ಕುಮಾರ್ ಬ್ರೇಕು ಒತ್ತಿ, ಹ್ಯಾಂಡಲನ್ನು ನೇರ ಹಿಡಿದು, ಹಿಂದಿನಿಂದ ಮಾತು ಬರುವವರೆಗೆ ನಿಂತ.